ಕುಕ್ಕರಗಾಲು

ಶಿರಸಿ
ಜೂನ್ ೧೨, ೨೦೨೪

ನೇತ್ರಾ,

ನೀನು ಫೋನು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಎತ್ತಲಿಲ್ಲ. ನಿನ್ನ ಸಿಟ್ಟು ನನಗೆ ಹೊಸತಲ್ಲ. ಮೂರನೇ ಇಯತ್ತೆಯಲ್ಲಿ ನನ್ನ ಪಾಟಿ ಒಡೆದು, "ಬೇಕಾದ್ರೆ ನಂದೂ ಒಡಿ" ಎಂದು ನಿನ್ನದನ್ನು ಮುಂದೆ ಹಿಡಿದವಳು ನೀನು. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳುವವರು ಯಾರೂ ಇರುವುದಿಲ್ಲ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಸುಮ್ಮನಿರಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲಿನಿಂದ ಹೇಳಿಬಿಡುತ್ತೇನೆ. ಊರಿನ ಹೊಸ ಅಂಗನವಾಡಿಯ ಎದುರು ನಿನ್ನ ಅವ್ವ ದ್ಯಾವಮ್ಮನ ಮೂರ್ತಿ ಇಡಬೇಕೆಂದು ಊರವರು ಮಾತಾಡಿಕೊಂಡರು. ಸುತ್ತಲಿನ ಕೇರಿಗಳಲ್ಲಿ ಐವತ್ತು ದಾಟಿದವರೆಲ್ಲ ಅವಳ ಕೈಯಲ್ಲೇ ಭೂಮಿಗೆ ಬಂದವರು, ನಾನೂ ಸೇರಿ. ಸಾಹುಕಾರರಿಗೆ ಮೂರ್ತಿ ಇಡುತ್ತಾರೆ, ಸೂಲಗಿತ್ತಿಗೆ ಇಟ್ಟದ್ದನ್ನು ನಾನಂತೂ ಸಿದ್ದಾಪುರದ ಈಚೆ ಆಚೆ ಎಲ್ಲೂ ಕಂಡಿಲ್ಲ. ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ, ನಿವೃತ್ತಿಯ ಮೇಲೆ ಮಣ್ಣು ಕಲೆಸುತ್ತ ಕೂತವಳಿಗೆ ಇನ್ನೇನು ಬೇಕು? ನಿನ್ನ ತಮ್ಮ ಉದಯ ಒಪ್ಪಿದ. ಜೇಡಿಮಣ್ಣಿನ ಮಾದರಿ ಮಾಡಿ ಫೋಟೊ ಕಳಿಸಿದೆ. ನೀನು ನೋಡಿದವಳೇ ಸಿಡಿದೆ: "ನಮ್ಮವ್ವನ್ನ ಕುಕ್ಕರಗಾಲಲ್ಲಿ ಕೂರಿಸಿದ್ಯಲ್ಲೇ!"

ಹೌದು, ಕೂರಿಸಿದ್ದೇನೆ. ಅದರಲ್ಲಿ ಏನು ತಪ್ಪು? ಕುಂಡೆ ನೆಲಕ್ಕೆ ತಾಗದ ಹಾಗೆ, ಎರಡೂ ಪಾದ ಊರಿ, ಮಂಡಿ ಮಡಚಿ ಕೂತರೆ ಅದು ಕುಕ್ಕರಗಾಲು. ಕಳೆ ಕೀಳುವವರು, ಒಲೆ ಊದುವವರು, ಬಸ್ಸಿಗೆ ಕಾಯುವವರು, ಎಲ್ಲರೂ ಹಾಗೆ ಕೂರುತ್ತಾರೆ. ನನ್ನ ನೆನಪಿನ ದ್ಯಾವಮ್ಮ ಯಾವಾಗಲೂ ಹಾಗೇ ಕೂತಿರುತ್ತಾಳೆ. ಮೊಣಕಾಲಿನ ಮೇಲೆ ಮುಂಗೈ ಇಟ್ಟು, ಮುಖ ಮೇಲಕ್ಕೆತ್ತಿ. ಆ ಭಂಗಿಯಲ್ಲಿ ಒಂದು ಎಚ್ಚರ ಇದೆ, ಕಸುವು ಇದೆ. ನನ್ನ ಕಣ್ಣಿಗೆ ಅದು ಬಹಳ ಚೆಂದ ಕಾಣುತ್ತದೆ.

ನಿಮ್ಮ ಮನೆಯ ಒಪ್ಪಿಗೆ ಇಲ್ಲದೆ ಸಿಮೆಂಟು ಮುಟ್ಟುವುದಿಲ್ಲ. ನೀನು ಬೇಡ ಎಂದರೆ ಬೇಡ. ಆದರೆ ಯಾಕೆ ಬೇಡ ಎಂದು ಬಿಡಿಸಿ ಹೇಳು.

ಆಯಿ ನಿನ್ನನ್ನು ಕೇಳಿದಳು. ಎಂಬತ್ತು ದಾಟಿತು, ಕಿವಿ ಮಂದ, ನಾಲಿಗೆ ಮಾತ್ರ ಚುರುಕು.

ಇಂತು,
ಪರಿಮಳಾ

*

ಯಲ್ಲಾಪುರ
ಜುಲೈ ೩, ೨೦೨೪

ಪರಿಮಳಾ,

ಬಿಡಿಸಿ ಹೇಳು ಎಂದೆ, ಹೇಳುತ್ತೇನೆ. ನಡುವೆ ಬಾಯಿ ಹಾಕಲು ನಿನಗೆ ಆಗದು, ಅದೊಂದು ಸಮಾಧಾನ.

ಮೊದಲು ಒಂದು ಸಣ್ಣ ಮಾತು. ಸಾಹುಕಾರರಿಗೆ ಬಹುವಚನ ಹಚ್ಚಿದ ನೀನು ನನ್ನ ಅವ್ವನನ್ನು ಕಾಗದದ ಉದ್ದಕ್ಕೂ 'ಅವಳು' ಎಂದಿದ್ದೀ. ನಾನು ಅವಳು ಎನ್ನಬಹುದು, ಹೆತ್ತ ಅವ್ವ, ನಿನಗೆ ಆಯಿ ಇದ್ದ ಹಾಗೆ. ನಿನಗೆ ಹಾಗಲ್ಲ. ಹೋಗಲಿ ಬಿಡು.

ಕುಕ್ಕರಗಾಲಿಗೆ ನೀನು ಬರೆದ ಅರ್ಥ ಸರಿಯಾಗಿದೆ, ನೂರಕ್ಕೆ ನೂರು ಅಂಕ. ಆದರೆ ಹಾಗೆ ಯಾರು ಕೂರುತ್ತಾರೆ, ಯಾರೆದುರು ಕೂರುತ್ತಾರೆ ಎನ್ನುವುದನ್ನು ಬರೆಯಲಿಲ್ಲ. ಬಸ್ಸಿಗೆ ಕಾಯುವವರು ಎಂದೆ. ನಿಮ್ಮವರಲ್ಲಿ ಯಾವ ಹೆಗಡೇರು ಬಸ್ಸಿಗೆ ಕಾಯುತ್ತ ಕುಕ್ಕರಗಾಲಲ್ಲಿ ಕೂತದ್ದನ್ನು ನೋಡಿದ್ದೀ? ಒಬ್ಬರ ಹೆಸರು ಹೇಳು.

ನಿಮ್ಮ ಅಂಗಳಕ್ಕೆ ಅವ್ವನ ಸೆರಗು ಹಿಡಿದು ನಾನೂ ಬರುತ್ತಿದ್ದೆ. ನಿನ್ನ ಅಪ್ಪಯ್ಯ ಜಗಲಿಯ ಮೇಲೆ. ಅವ್ವ ಅಂಗಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ. ಒಳಗಿಂದ ನಿನ್ನ ಆಯಿ ಬಂದು "ಏಳು ದ್ಯಾವಮ್ಮ, ಅದೊಂದು ಗೊಬ್ಬರದ ಬುಟ್ಟಿ ಆಚೆ ಇಡು" ಎಂದರೆ ಮಾತು ಮುಗಿಯುವ ಮೊದಲೇ ಅವ್ವ ಎದ್ದಿರುತ್ತಿದ್ದಳು. ನಿಮ್ಮವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬೈದದ್ದಿಲ್ಲ, ಕೊಡುವುದನ್ನು ಕೊಡದೆ ಕಳಿಸಿದ್ದಿಲ್ಲ. ಆದರೆ 'ಸರಿಯಾಗಿ ಕೂತ್ಕಳೇ' ಎಂದು ಕೂಡ ಯಾರೂ ಹೇಳಲಿಲ್ಲ.

ಒಮ್ಮೆ ದಾರಿಯಲ್ಲಿ ಕೇಳಿದೆ, "ಕಾಲು ನೋಯಲ್ವನೇ ಅವ್ವ?" ಎಂದು. "ನೋಯ್ತದೆ. ಆದ್ರೆ ಏಳು ಅಂದ ಕೂಡ್ಲೆ ಏಳಬೇಕಲ್ಲ. ಕುಂಡೆ ಊರಿ ಕೂತ್ರೆ ಏಳೂದು ತಡ ಆಗ್ತದೆ" ಅಂದಳು. ನಮ್ಮ ಮನೆಯಲ್ಲಿ ಆ ಪದದ ಅರ್ಥ ಇದು. ಯಾರೋ ಏಳು ಎನ್ನುವುದನ್ನು ಕಾಯುತ್ತ ಇರುವುದು.

ಮುಖ ಮೇಲಕ್ಕೆತ್ತಿ ಕೂತದ್ದು ಚೆಂದ ಎಂದೆಯಲ್ಲ, ಮುಖ ಯಾಕೆ ಮೇಲಿತ್ತು ಮಾರಾಯ್ತಿ? ನೀನು ಜಗಲಿಯ ಮೇಲೆ ನಿಂತು ನೋಡುತ್ತಿದ್ದೆ, ಅದಕ್ಕೆ.

ಗೇಣಿ ಜಮೀನು ನಮ್ಮದಾದ ವರ್ಷ ಅಪ್ಪ ಕೆರಿಯ ನಾಯ್ಕ ಅವ್ವನಿಗೆ ಹೇಳಿದ: "ಹೆರಿಗೆ ಮಾಡ್ಸೂಕೆ ಬೇಕಾದ್ರೆ ಹೋಗು. ಆ ಅಂಗಳದಾಗೆ ಹಂಗೆ ಕೂರಬ್ಯಾಡ." ಅವ್ವ ತಲೆ ಅಲ್ಲಾಡಿಸಿದಳು. ಅಭ್ಯಾಸ ಎಲ್ಲಿಗೆ ಹೋಗುತ್ತದೆ? ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಸ್ಪತ್ರೆಗೆ ನನ್ನನ್ನು ನೋಡಲು ಬಂದಳು. ಕುರ್ಚಿ ಎಳೆದು ಕೊಟ್ಟರೆ ಅದನ್ನು ಬಿಟ್ಟು ಗೋಡೆಯ ಬುಡದಲ್ಲಿ ಕುಕ್ಕರಗಾಲು ಹಾಕಿದಳು. ಉಳಿದ ಸಿಸ್ಟರುಗಳು ನೋಡಿಯೂ ನೋಡದ ಹಾಗೆ ಇದ್ದರು. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ಆ ಅವ್ವ ಸತ್ತು ಹನ್ನೊಂದು ವರ್ಷವಾಯಿತು. ಈಗ ನೀನು ಸಿಮೆಂಟು ಹಾಕಿ, ಇನ್ನೆಂದಿಗೂ ಏಳದ ಹಾಗೆ, ಅದೇ ಕುಕ್ಕರಗಾಲಲ್ಲಿ ಕೂರಿಸುತ್ತೀ. ಅದು ನನ್ನಿಂದ ನೋಡಲಾಗದು. ಬೇಡ.

ಆಯಿಗೆ ನಮಸ್ಕಾರ ಹೇಳು.

ನೇತ್ರಾ

*

ಶಿರಸಿ
ಜುಲೈ ೨೮, ೨೦೨೪

ನೇತ್ರಾ,

ನಿನ್ನ ಕಾಗದ ಓದಿ ಎರಡು ದಿನ ಮಣ್ಣು ಮುಟ್ಟಲಿಲ್ಲ. ಬಸ್ಸಿಗೆ ಕಾಯುವ ಹೆಗಡೇರ ಹೆಸರು ಒಂದೂ ಹೊಳೆಯಲಿಲ್ಲ. ಶಿರಸಿಯ ಹಳೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತು ನೋಡಿಬಂದೆ, ನಗಬೇಡ. ಕಟ್ಟೆ ಖಾಲಿ ಇದ್ದರೂ ಕೆಲವರು ಕೆಳಗೆ ಕುಕ್ಕರಗಾಲಲ್ಲೇ ಕೂತಿದ್ದರು. ಇಷ್ಟು ವರ್ಷ ಮಕ್ಕಳಿಗೆ ಮನುಷ್ಯರ ಚಿತ್ರ ಬಿಡಿಸುವುದನ್ನು ಕಲಿಸಿದ್ದೇನೆ. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆದರೂ ಒಂದು ಮಾತು ಹೇಳದೆ ಬಿಡಲಾರೆ. ಮಣ್ಣಿನ ಮಾದರಿಯನ್ನು ಆಯಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ, ನನಗೆ ಈವರೆಗೆ ಹೇಳದ ಒಂದು ಸಂಗತಿ ಹೇಳಿದಳು. ಅವಳದೇ ಮಾತಿನಲ್ಲಿ ಬರೆಯುತ್ತೇನೆ. ನಮ್ಮ ಮನೆಮಾತಿನಲ್ಲಿ ಹೆಂಗಸರೆಲ್ಲ 'ಅದು', ತಪ್ಪು ತಿಳಿಯಬೇಡ.

"ಚೊಚ್ಚಲು. ತವರಿಗೆ ಹೋಪಲೆ ಇನ್ನೂ ವಾರ ಇತ್ತು, ಅಷ್ಟ್ರಲ್ಲೇ ನೋವು ಶುರುವಾತು. ದ್ಯಾವಮ್ಮನ್ನ ಕರೆಸಿದ. ಅದು ಬಂದಿದ್ದೇ, ಕುಕ್ಕರಗಾಲಲ್ಲಿ ಕೂರಿ ಅಮ್ಮ ಹೇಳಿ ಹೇಳ್ತು. ಎಂಗೆ ನಾಚಿಕೆ ಆತು ಕೂಸೇ. ಹೆಗಡೇರ ಮನೆ ಸೊಸೆ ಆಳುಮಕ್ಕಳ ಹಾಂಗೆ ಕೂರದಾ ಹೇಳಿ ಮಲ್ಗೇ ಇದ್ದಿದ್ದೆ. ಅದು ಎನ್ನ ಎದುರಿಗೆ ಕೂತ್ಗಂಡು ನಗ್ಯಾಡ್ತು."

ಆಗ ದ್ಯಾವಮ್ಮ ಅಂದದ್ದನ್ನು ಆಯಿ ಅವರ ಧಾಟಿಯಲ್ಲೇ ಹೇಳಿ ತೋರಿಸಿದಳು: "ಅಮ್ಮಾ, ಮರ್ಯಾದಿ ಆಮೇಲೆ ಮಾಡ್ಕಳಿ. ಈಗ ನನ್ನ ಹಂಗೆ ಕೂರಿ. ಇಲ್ದಿದ್ರೆ ಹೊಟ್ಟೆಯಾಗಿದ್ದದ್ದು ಹೊಟ್ಟೆಯಾಗೇ ಇರ್ತದೆ."

ಆಯಿ ಕೂತಳು. ಮೇಲಿನ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಆಯಿ ಈಚೆ, ಅವಳ ಮೊಣಕಾಲು ಹಿಡಿದು ದ್ಯಾವಮ್ಮ ಆಚೆ. ಇಬ್ಬರೂ ಕುಕ್ಕರಗಾಲಲ್ಲಿ, ಮುಖಕ್ಕೆ ಮುಖ ಕೊಟ್ಟು. ನಾನು ಹುಟ್ಟಿದ್ದು ಆ ಇಬ್ಬರ ನಡುವೆ. ನೇತ್ರಾ, ಆಗ ದ್ಯಾವಮ್ಮ ಏಳು ಎನ್ನುವುದನ್ನು ಕಾಯುತ್ತಿರಲಿಲ್ಲ. ಹೇಳುವವರು ಅವರು, ಕೇಳುವವಳು ನನ್ನ ಆಯಿ. ಆ ಕುಕ್ಕರಗಾಲನ್ನಾದರೂ ಮಾಡಬಾರದೇ? ಯೋಚಿಸಿ ನೋಡು.

ನಾನು ಈ ಸಲ ಅವರು ಎಂದು ಬರೆದೆ. ಮೊದಲೇ ಬರೆಯಬೇಕಿತ್ತು.

ನಿನ್ನ,
ಪರಿಮಳಾ

*

ಯಲ್ಲಾಪುರ
ಆಗಸ್ಟ್ ೨೦, ೨೦೨೪

ಪರಿಮಳಾ,

ಆಯಿಯ ಮಾತು ಓದಿ ನಕ್ಕೆ. ಅವ್ವನ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು. ಮೂವತ್ತೈದು ವರ್ಷ ಹೆರಿಗೆ ವಾರ್ಡಿನಲ್ಲಿ ಹೆಂಗಸರನ್ನು ಮಂಚದ ಮೇಲೆ ಅಂಗಾತ ಮಲಗಿಸಿದವಳು ನಾನು. ಅವ್ವ ಅದನ್ನು ಕಂಡು, "ಅಂಗಾತ ಮಲಗಿದ್ರೆ ಬೆಟ್ಟ ಹತ್ತಿಸಿದ ಹಂಗೆ ಅಲ್ವನೇ, ಇಳಿಜಾರು ಮಾಡಿಕೊಡಿ" ಎಂದಿದ್ದಳು. ಆಗ ನಾನು ಡಾಕ್ಟರು ಕೇಳಿಸಿಕೊಂಡರೇನೋ ಎಂದು ಅವಳ ಬಾಯಿ ಮುಚ್ಚಿಸಿದೆ. ಆದ್ದರಿಂದ ಆ ಕೂರುವಿಕೆಯ ಬೆಲೆ ನನಗೆ ಗೊತ್ತಿಲ್ಲ ಎಂದು ತಿಳಿಯಬೇಡ.

ಆದರೆ ಕೋಣೆಯೊಳಗೆ ಇಬ್ಬರೂ ಸಮ ಕೂತರು, ಸರಿ. ಮರುದಿನ? ಬಾಣಂತಿ ಹಾಸಿಗೆಯ ಮೇಲೆ, ಅವ್ವ ಅಂಗಳದ ಅಂಚಿಗೆ. ನೀನು ಮೂರ್ತಿ ಇಡುವುದು ಕೋಣೆಯೊಳಗಲ್ಲ, ಬಯಲಿನಲ್ಲಿ. ಅಲ್ಲಿ ನೋಡುವವರಿಗೆ ಹಗ್ಗ ಕಾಣುವುದಿಲ್ಲ, ಆಯಿ ಕಾಣುವುದಿಲ್ಲ. ಅಂಗಳದಲ್ಲಿ ಕೂತ ಆಳು ಮಾತ್ರ ಕಾಣುತ್ತದೆ.

ಇನ್ನೊಂದನ್ನು ನೀನು ಕೇಳಲೇ ಇಲ್ಲ. ಅವ್ವ ನಮ್ಮ ಮನೆಯಲ್ಲಿ ಹೇಗೆ ಕೂರುತ್ತಿದ್ದಳು? ನಿನಗೆ ಗೊತ್ತಿಲ್ಲ, ನೀನು ನಮ್ಮ ಮನೆಯ ಒಳಗೆ ಬಂದವಳಲ್ಲ. ದೀಪ ಹಚ್ಚಿದ ಮೇಲೆ ಬಾಗಿಲ ಪಕ್ಕದ ಗೋಡೆಗೆ ಒರಗಿ, ಎರಡೂ ಕಾಲು ಉದ್ದಕ್ಕೆ ನೀಡಿ ಕೂರುತ್ತಿದ್ದಳು. ಬಾಯಿಯಲ್ಲಿ ಎಲೆಯಡಿಕೆಯ ಕವಳ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಏಳಿಸುವ ಹಾಗಿರಲಿಲ್ಲ. ನೀರು ಬೇಕಾದರೆ ಅಪ್ಪನೇ ಎದ್ದು ಕುಡಿಯಬೇಕು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮಗೆ ಹಾಸಿಗೇನೇ ಇಲ್ಲ, ಎಷ್ಟು ಬೇಕಾದ್ರೂ ಚಾಚ್ಲಕ್ಕು" ಎಂದು ಅವಳೇ ಹೇಳಿ ಅವಳೇ ನಗುತ್ತಿದ್ದಳು.

ಮಾಡುವುದಾದರೆ ಕಾಲು ನೀಡಿ ಕೂತ ಅವ್ವನನ್ನು ಮಾಡು. ಇಲ್ಲವಾದರೆ ಬಿಡು. ಅಂಥ ಮೂರ್ತಿಯನ್ನು ಊರವರು ಒಪ್ಪುತ್ತಾರೋ ಎನ್ನುವುದನ್ನೂ ನೋಡಿಯೇಬಿಡುವ.

ನೇತ್ರಾ

*

ಶಿರಸಿ
ಅಕ್ಟೋಬರ್ ೫, ೨೦೨೪

ಪ್ರೀತಿಯ ನೇತ್ರಾ,

ತಡವಾಯಿತು. ಹಳೆಯ ಮಾದರಿಯನ್ನು ನೀರು ಹಾಕಿ ಕಲೆಸಿಬಿಟ್ಟೆ. ಅದೇ ಮಣ್ಣಿನಿಂದ ಹೊಸದು ಮಾಡಿದೆ. ಬೆನ್ನು ಗೋಡೆಗೆ ಒರಗಿದೆ, ಕಾಲು ಉದ್ದಕ್ಕೆ ಇವೆ, ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿವೆ. ಮುಖ ಯಾರ ಕಡೆಗೂ ಎತ್ತಿಲ್ಲ, ನೇರಕ್ಕೆ ನೋಡುತ್ತಿದೆ. ಫೋಟೊ ಕಳಿಸಿದ್ದೆ. ನೀನು ಏನೂ ಬರೆಯಲಿಲ್ಲ. ನಾನೇ ಫೋನು ಮಾಡಿದೆ, ಈ ಸಲ ನೀನು ಇಟ್ಟುಬಿಡಲಿಲ್ಲ. ಅಷ್ಟು ಸಾಕಾಯಿತು ನನಗೆ.

ಊರಿನಲ್ಲಿ ಮಾತ್ರ ನೀನು ಅಂದುಕೊಂಡ ಹಾಗೆಯೇ ಆಯಿತು. ನನ್ನ ತಮ್ಮ ಗಣಪ ಮೂರ್ತಿಯ ಸಮಿತಿಯಲ್ಲಿ ಇದ್ದಾನಲ್ಲ, ಅಂಗಾಲು ತೋರಿಸಿ ಕೂತ ಮೂರ್ತಿಯನ್ನು ಅಂಗನವಾಡಿಯ ಬಾಗಿಲಿಗೆ ಇಡುವುದು ಮರ್ಯಾದೆಯಲ್ಲ ಎಂದ. ಅವನು ಹೇಳಿದ್ದಕ್ಕೆ ನನಗೆ ಆಶ್ಚರ್ಯವಿಲ್ಲ. ನಿನ್ನ ಉದಯನೂ ಹಾಗೆ ಅಂದದ್ದು ಆಶ್ಚರ್ಯ. ಕಾಲು ನೀಡಿ ಕೂತರೆ ಸೋಮಾರಿಯ ಹಾಗೆ ಕಾಣುತ್ತದಂತೆ. ಅವನಿಗೆ ಅವ್ವ ಕೈಮುಗಿದು ನಿಂತಿರಬೇಕು, ಮೇಲೆ ಶಾಲು ಇರಬೇಕು. ಅಂಥದ್ದು ಅಚ್ಚಿನಲ್ಲಿ ಎರಕ ಹೊಯ್ದದ್ದು ಸಿಗುತ್ತದಂತೆ, ಮುಖ ಒಂದನ್ನು ಬದಲಿಸಿದರೆ ಸಾಕಂತೆ. ಸಮಿತಿ ನವೆಂಬರ್ ಹದಿನೇಳಕ್ಕೆ ಕೂರುತ್ತದೆ. ಅಂದು ತೀರ್ಮಾನವಾಗದಿದ್ದರೆ ಅಚ್ಚಿನ ಮೂರ್ತಿಯನ್ನೇ ತರುತ್ತಾರೆ.

ನಾನೇ ಹೋಗಿ ಜಗಳಾಡುತ್ತಿದ್ದೆ. ಆದರೆ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿನ ಎಲುಬು ಮುರಿದುಕೊಂಡಿದ್ದಾಳೆ. ಬಿಟ್ಟು ಹೊರಡುವ ಹಾಗಿಲ್ಲ. ಅವ್ವ ತೀರಿಕೊಂಡಾಗ ದಿವಸ ಮುಗಿಸಿ ಹೊರಟವಳು ನೀನು ಮತ್ತೆ ಊರಿಗೆ ಕಾಲಿಟ್ಟಿಲ್ಲ ಎನ್ನುವುದು ಗೊತ್ತು. ಆದರೂ ಕೇಳುತ್ತೇನೆ. ನೀನು ಹೋಗುತ್ತೀಯಾ?

ಪರಿಮಳಾ

*

ಯಲ್ಲಾಪುರ
ನವೆಂಬರ್ ೧೯, ೨೦೨೪

ಪರಿಮಳಾ,

ಹೋಗಿ ಬಂದೆ. ಫೋನಿನಲ್ಲಿ "ಆಯಿತು, ಒಪ್ಪಿದರು" ಎಂದಷ್ಟೇ ಹೇಳಿದೆ, ಉಳಿದದ್ದನ್ನು ಬರೆಯಬೇಕು ಎಂದುಕೊಂಡೆ.

ಸಿದ್ದಾಪುರದ ಸ್ಟ್ಯಾಂಡಿಗೆ ಉದಯ ಕಾರು ತಂದಿದ್ದ. ದಾರಿಯುದ್ದಕ್ಕೂ ಅವನದು ಒಂದೇ ರಾಗ. "ಅಕ್ಕ, ಕೈಮುಗಿದು ನಿಂತದ್ದೇ ಮಾಡುವ. ಶಾಲು ಹೊದಿಸುವ." ನಾನೆಂದೆ, "ಬದುಕಿದ್ದಾಗ ಒಬ್ರೂ ಹೊದಿಸ್ಲಿಲ್ಲ, ಈಗ ಸಿಮೆಂಟಿಂದು ಹೊದಿಸ್ತ್ಯನಾ?" ಪಾಪ, ಅವನೂ ಅವ್ವನಿಗೆ ಮರ್ಯಾದೆಯನ್ನೇ ಬಯಸಿದ್ದು. ಮರ್ಯಾದೆ ಎಂದರೆ ಅವನಿಗೆ ಗೊತ್ತಿರುವುದು ಅದೊಂದೇ ರೂಪ.

ಅಂಗನವಾಡಿಯ ಜಗಲಿಯ ಮೇಲೆ ಕುರ್ಚಿ ಹಾಕಿ ಎಲ್ಲರೂ ಕೂತಿದ್ದರು. ಗಣಪ ಒಳ್ಳೆಯ ಮಾತಿನಲ್ಲೇ ಶುರುಮಾಡಿದ. "ನೇತ್ರಕ್ಕ, ಬೇಜಾರು ಮಾಡ್ಕಬೇಡಿ. ಬಂದವರಿಗೆ ಮೊದ್ಲು ಕಾಣೂದು ಅಂಗಾಲು. ಅಂಗಾಲು ತೋರಿಸಿದ ಮೂರ್ತಿಗೆ ಯಾರು ನಮಸ್ಕಾರ ಮಾಡ್ತಾರೆ?" ಮುದುಕ ಚೌಡ ಮೂಲೆಯಿಂದ, "ಹಾರ ಕೊರಳಿಗಲ್ವನಾ ಹಾಕೂದು, ಕಾಲಿನ ಸುದ್ದಿ ಎಂತಕ್ಕೆ?" ಎಂದ. ಎಲ್ಲರೂ ನಕ್ಕರು. ಆದರೆ ಒಪ್ಪಿದವರು ಯಾರೂ ಇಲ್ಲ.

ನಾನು ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಕುಕ್ಕರಗಾಲಿನ ಮಾತು, ಅಂಗಳದ ಮಾತು, ಎಲ್ಲ. ಅಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಗಣಪನ ಸೊಸೆ ಸಂಹಿತಾಳ ಮಗು ಒಂದೇ ಸಮ ಅಳತೊಡಗಿತು. ಮೂರು ತಿಂಗಳಿನದು. ಅವಳು ಎದ್ದು ಹೊರಟಳು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು, ನರ್ಸಿನ ಕೈಯಲ್ಲವೇ. "ಕೊಡು ಇಲ್ಲಿ" ಎಂದೆ.

ಕೆಳಗೆ ಕೂತೆ. ಸೀರೆ ಸರಿಮಾಡಿಕೊಂಡು, ಎರಡೂ ಕಾಲು ಉದ್ದಕ್ಕೆ ನೀಡಿದೆ, ಆ ಕುರ್ಚಿಗಳ ಕಡೆಗೇ. ಮಗುವನ್ನು ಕಾಲುಗಳ ಮೇಲೆ ಮಲಗಿಸಿದೆ, ತಲೆ ಪಾದಗಳ ಕಡೆಗೆ. ಮೀಯಿಸುವಾಗ ಮಲಗಿಸುತ್ತೇವಲ್ಲ, ಹಾಗೆ. ಕಾಲನ್ನು ಮೆಲ್ಲಗೆ ಆಡಿಸಿದೆ. ಅಳು ನಿಂತಿತು. ನಿಂತಾಗಲೇ ನನಗೂ ಹೊಳೆದದ್ದು ಪರಿಮಳಾ, ಅದಕ್ಕೂ ಮೊದಲು ಹೊಳೆದಿರಲಿಲ್ಲ. ಅವ್ವ ನಮ್ಮ ಮನೆಯಲ್ಲಷ್ಟೇ ಅಲ್ಲ, ಹೋದ ಮನೆಯಲ್ಲೆಲ್ಲ ಕಾಲು ನೀಡಿ ಕೂತಿದ್ದಾಳೆ. ಬಚ್ಚಲಲ್ಲಿ, ಮಣೆಯ ಮೇಲೆ, ನಿಮ್ಮ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು. ಆಗ ಏಳು ಎನ್ನುವ ಧೈರ್ಯ ಯಾವ ಒಡತಿಗೂ ಇರಲಿಲ್ಲ.

"ಗಣಪ, ಅವ್ವನ ಅಂಗಾಲು ನಿಂಗೆ ಹೊಸತಲ್ಲ" ಎಂದೆ. "ನಿನ್ನ ತಲೆ ಇಟ್ಟಿದ್ದೇ ಇದ್ರ ನಡುವೆ. ಇಲ್ಲಿ ಕೂತ ಎಲ್ಲರದ್ದೂ."

ಗಣಪ ಮಗುವನ್ನೇ ನೋಡುತ್ತಿದ್ದ. ಆಮೇಲೆ ಕುರ್ಚಿಯಿಂದ ಇಳಿದು ಬಂದು ಮೊಮ್ಮಗನ ಪಕ್ಕದಲ್ಲಿ ಕೂತ. "ಅಕ್ಕ ಮಾಡಿದ್ದೇ ಆಗ್ಲಿ" ಎಂದ. ಉದಯ ಮೋರೆ ಆಚೆ ತಿರುಗಿಸಿಕೊಂಡಿದ್ದ, ಅತ್ತನೆಂದು ಕಾಣುತ್ತದೆ. ನಾನು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ. ಅವ್ವನನ್ನು ಕುಕ್ಕರಗಾಲಲ್ಲೇ ನೆನಪಿಟ್ಟುಕೊಂಡು ಇಷ್ಟು ವರ್ಷ ಉರಿದವಳು ನಾನು. ಅವಳ ಕಾಲ ಮೇಲೆ ನಾನೂ ಮಲಗಿದ್ದೆ, ನೀನೂ ಮಲಗಿದ್ದೆ.

ಮಗುವನ್ನು ಮಾತ್ರ ಮಾಡಬೇಡ. ಕಾಲು ಖಾಲಿ ಇರಲಿ.

ಆಯಿಯ ಪ್ಲಾಸ್ಟರು ಬಿಚ್ಚಿದ ಮೇಲೆ ಅವಸರ ಮಾಡಿ ನಡೆಸಬೇಡ. ಎಣ್ಣೆ ಹಚ್ಚುವವರನ್ನು ಕರೆಸಬೇಡ, ನರ್ಸ್ ಹೇಳುತ್ತಿದ್ದೇನೆ.

ನಿನ್ನ,
ನೇತ್ರಾ

*

ಶಿರಸಿ
ಮಾರ್ಚ್ ೯, ೨೦೨೫

ನೇತ್ರಾ,

ಫೆಬ್ರವರಿಯಲ್ಲಿ ಮೂರ್ತಿ ಇಟ್ಟ ದಿನ ನಾವಿಬ್ಬರೂ ಜನರ ಗದ್ದಲದಲ್ಲಿ ಸರಿಯಾಗಿ ನೋಡಲೇ ಇಲ್ಲ. ಮೊನ್ನೆ ಮತ್ತೆ ಹೋಗಿದ್ದೆ. ಹೇಳಲೇಬೇಕಾದ ಎರಡು ಸಂಗತಿಗಳಿವೆ.

ಕಾಲ ಮೇಲೆ ಬಳಿದ ಬಣ್ಣ ಆಗಲೇ ಹೋಗಿದೆ. ಅಂಗನವಾಡಿಯ ಮಕ್ಕಳು ಸರತಿಯ ಮೇಲೆ ಅಲ್ಲಿ ಮಲಗುತ್ತಾರೆ. ಟೀಚರು, "ಬೈದರೂ ಕೇಳ್ತಿಲ್ಲ ಮೇಡಂ, ಬೇಲಿ ಹಾಕ್ಸಲಾ?" ಎಂದು ಕೇಳಿದರು. ಹಾಕಿಸಿದರೆ ಯಲ್ಲಾಪುರದಿಂದ ಒಬ್ಬರು ಬಂದು ಕಿತ್ತುಹಾಕುತ್ತಾರೆ ಎಂದೆ.

ಇನ್ನೊಂದು ಆಯಿಯದು. ವಾಕರು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ ಈಗ. ದ್ಯಾವಮ್ಮನನ್ನು ನೋಡಬೇಕು ಎಂದು ಹಟ ಹಿಡಿದಳು. ಗಣಪನೇ ಕಾರಿನಲ್ಲಿ ಕರೆದೊಯ್ದ. ಕುರ್ಚಿ ತಂದು ಹಾಕಿದರೆ ಬೇಡವೆಂದಳು.

"ಎನ್ನ ಕೆಳಗೆ ಕೂರ್ಸು. ಅದ್ರ ಪಕ್ಕದಲ್ಲಿ."

"ಆಯಿ, ಕೂತ್ರೆ ಮತ್ತೆ ಏಳಲಾಗ್ತಿಲ್ಲೆ ನಿಂಗೆ" ಎಂದೆ.

"ಏಳೂದು ಯಾರಿಗೆ ಬೇಕಾಜು?" ಎಂದಳು.

ನಾನೂ ಗಣಪನೂ ಹಿಡಿದು ಮೆಲ್ಲಗೆ ಇಳಿಸಿದೆವು. ಅವಳಾಗಿಯೇ ಬೆನ್ನು ಗೋಡೆಗೆ ಒರಗಿಸಿ, ಮುರಿದು ಕೂಡಿದ ಕಾಲನ್ನೂ ಇನ್ನೊಂದನ್ನೂ ಉದ್ದಕ್ಕೆ ನೀಡಿದಳು. ಹೊರಗಿನವರ ಎದುರು ಅವಳು ಹಾಗೆ ಕೂತದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಇಬ್ಬರ ಪಾದಗಳೂ ಒಂದೇ ಸಾಲಿಗೆ ಬಂದವು. ಆಯಿ ಸಿಮೆಂಟಿನ ಕೈಯ ಮೇಲೆ ತನ್ನ ಕೈ ಇಟ್ಟಳು. ಕಿವಿ ಮಂದವಾದವರು ಗಟ್ಟಿಯಾಗಿ ಮಾತಾಡುತ್ತಾರಲ್ಲ, ರಸ್ತೆಯವರಿಗೂ ಕೇಳುವ ಹಾಗೆ ಹೇಳಿದಳು:

"ಇನ್ನು ನೀ ಏಳೂದು ಬ್ಯಾಡ ದ್ಯಾವಮ್ಮ. ಆನೂ ಏಳ್ತಿಲ್ಲೆ."

ಬಿಸಿಲು ಇಳಿಯುವ ತನಕ ಹಾಗೇ ಕೂತಿದ್ದಳು. ನಾನು ಎಬ್ಬಿಸಲಿಲ್ಲ.

ನಿನ್ನ,
ಪರಿಮಳಾ